ಹಾಸಿಗೆ ಅಗ್ಗ, ದಿನ ದುಬಾರಿ: ವಿದೇಶದಲ್ಲಿ ಹಾಸ್ಟೆಲ್ ಹುಡುಕುವವರಿಗೊಂದು ಲೆಕ್ಕ

ಮ್ಯೂನಿಕ್ ನಗರದ ಮುಖ್ಯ ರೈಲು ನಿಲ್ದಾಣದ ಸುತ್ತಮುತ್ತ ಹಾಸ್ಟೆಲುಗಳ ಸಾಲೇ ಇದೆ. ಅಲ್ಲಿ ಎಂಟು ಜನ ಮಲಗುವ ಕೋಣೆಯೊಂದರ ಮೇಲ್ಹಾಸಿಗೆಗೆ ನವೆಂಬರ್ ತಿಂಗಳ ಮಂಗಳವಾರ ಒಂದು ದರವಿದ್ದರೆ, ಸೆಪ್ಟೆಂಬರ್ ಕೊನೆಯ ಶನಿವಾರ ಅದರ ಹಲವು ಪಟ್ಟು ಕೇಳುತ್ತಾರೆ. ಹಾಸಿಗೆ ಅದೇ, ಹತ್ತುವ ಏಣಿ ಅದೇ, ಬಚ್ಚಲಿನ ಮುಂದಿನ ಸರದಿಯೂ ಅದೇ. ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಶುರುವಾಗಿ ಅಕ್ಟೋಬರ್ ಮೊದಲ ವಾರದವರೆಗೆ ನಡೆಯುವ ‘ಅಕ್ಟೋಬರ್‌ಫೆಸ್ಟ್’ ಎಂಬ ಬಿಯರ್ ಹಬ್ಬಕ್ಕೆ ಜಗತ್ತೇ ಅಲ್ಲಿಗೆ ನುಗ್ಗುತ್ತದೆ, ಅಷ್ಟೇ ವ್ಯತ್ಯಾಸ. ಇದು ಗೊತ್ತಿಲ್ಲದೆ ರಜೆ ಹಾಕಿ, ವಿಮಾನದ ಟಿಕೆಟ್ ತೆಗೆಸಿ, ಆಮೇಲೆ ಹಾಸಿಗೆ ಹುಡುಕಲು ಕೂತವರು ಹಾಸ್ಟೆಲಿಗೆ ಒಳ್ಳೆಯ ಹೋಟೆಲಿನ ದುಡ್ಡು ತೆರುತ್ತಾರೆ.

ವಿದೇಶ ಪ್ರವಾಸವೆಂದರೆ ಒಂದೋ ಕಂಪನಿ ಕಳಿಸಬೇಕು, ಇಲ್ಲವೇ ಟೂರ್ ಪ್ಯಾಕೇಜಿನವರ ಬಾವುಟದ ಹಿಂದೆ ನಡೆಯಬೇಕು ಎಂಬ ಕಾಲ ಈಗಿಲ್ಲ. ಬೆನ್ನಿಗೊಂದು ಚೀಲ ಏರಿಸಿಕೊಂಡು, ತಮ್ಮ ದಾರಿ ತಾವೇ ಹುಡುಕಿಕೊಂಡು ಹೊರಡುವ ಯುವಕ ಯುವತಿಯರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಮನೆಗಳಲ್ಲೂ ಇದ್ದಾರೆ. ಇಂಥವರ ಬಜೆಟ್ಟಿನಲ್ಲಿ ವಿಮಾನದ ಖರ್ಚು ಒಂದೇ ಸಲದ್ದು. ದಿನದಿನವೂ ಜೇಬು ಕೊರೆಯುವುದು ಮಲಗುವ ಜಾಗ. ಅದಕ್ಕೆ ಸಿಗುವ ಸುಲಭ ಉತ್ತರ ಹಾಸ್ಟೆಲ್. ಆದರೆ ಪರದೆಯ ಮೇಲೆ ಅತಿ ಕಡಿಮೆ ದರ ತೋರಿಸುವ ಹಾಸಿಗೆಯೇ ಅಗ್ಗದ ಹಾಸಿಗೆ ಎಂದು ನಂಬಿ ಕಾಯ್ದಿರಿಸುವವರು ಬಹುಪಾಲು ಸಲ ಹೆಚ್ಚೇ ಖರ್ಚು ಮಾಡಿ ಬರುತ್ತಾರೆ. ನೋಡಬೇಕಾದದ್ದು ಹಾಸಿಗೆಯ ದರವನ್ನಲ್ಲ, ಆ ಹಾಸಿಗೆಯಿಂದ ಎದ್ದ ಮೇಲೆ ನಿಮ್ಮ ಇಡೀ ದಿನಕ್ಕೆ ಬೀಳುವ ಖರ್ಚನ್ನು.

ಮಳೆಗೆ ಸಿಕ್ಕ ಮೇಷ್ಟರ ಉಪಾಯ

ಹಾಸ್ಟೆಲಿನ ಹುಟ್ಟು ವ್ಯಾಪಾರದಿಂದ ಆದದ್ದಲ್ಲ. ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾಮಾಸ್ತರರು ಕೈಗಾರಿಕಾ ಪಟ್ಟಣಗಳ ಹೊಗೆಯಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ಕಾಡುಮೇಡು ಸುತ್ತಿಸಲು ಕರೆದೊಯ್ಯುತ್ತಿದ್ದರು. 1909ರ ಆಗಸ್ಟ್ 26ರಂದು ಹೀಗೆ ಹೊರಟ ತಂಡ ಗುಡುಗುಮಳೆಗೆ ಸಿಕ್ಕಿತು. ರಾತ್ರಿ ಕಳೆಯಲು ಸಿಕ್ಕಿದ್ದು ಒಂದು ಹಳ್ಳಿಯ ಶಾಲೆಯ ಕಟ್ಟಡ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ನಡೆದಾಡುವ ಮಕ್ಕಳ ತಂಗುದಾಣ ಮಾಡಿದರೆ ಹೇಗೆ ಎಂಬ ಯೋಚನೆ ಶಿರ್ಮನ್ನರಿಗೆ ಹೊಳೆದದ್ದು ಆ ರಾತ್ರಿಯೇ. 1912ರಲ್ಲಿ ಆಲ್ಟೆನಾ ಊರಿನ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಲವು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಇವತ್ತಿನ ‘ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್’ ಅದೇ. ನಮ್ಮ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಕೂಡ ಈ ಕುಟುಂಬದ್ದೇ. ಹಿಮಾಲಯದ ಚಾರಣಕ್ಕೆಂದು ಅದರ ಸದಸ್ಯರಾದ ಕನ್ನಡಿಗರಿಗೇನೂ ಕೊರತೆಯಿಲ್ಲ.

ಆಗಿನ ಹಾಸ್ಟೆಲಿಗೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಬೆಳಗ್ಗೆ ಕೋಣೆ ಖಾಲಿ ಮಾಡಿ ಹೊರಗೆ ಹೋಗಬೇಕು, ರಾತ್ರಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಿದ್ದರು, ಗುಡಿಸುವ ಒರೆಸುವ ಕೆಲಸಕ್ಕೆ ತಂಗಿದವರೂ ಕೈ ಜೋಡಿಸಬೇಕಿತ್ತು. ಅದಕ್ಕೆ ಪ್ರತಿಯಾಗಿ ದರ ಕಡಿಮೆ, ಮತ್ತು ಎಲ್ಲರಿಗೂ ಒಂದೇ. ನಮ್ಮ ಹಳೆಯ ಛತ್ರಗಳ ಹಾಗೆ, ದಾರಿಹೋಕನಿಗೆ ಒಂದು ರಾತ್ರಿಯ ಆಸರೆ ಕೊಡುವುದೇ ಉದ್ದೇಶ, ಲಾಭ ಅಲ್ಲ. ಸ್ಪೇನಿನ ಸಾಂಟಿಯಾಗೊ ಯಾತ್ರೆಯ ಹಾದಿಯಲ್ಲಿರುವ ‘ಆಲ್ಬೆರ್ಗೆ’ಗಳಲ್ಲಿ ಈ ಗುಣ ಈಗಲೂ ಉಳಿದಿದೆ. ಅಲ್ಲಿನ ಸಾರ್ವಜನಿಕ ತಂಗುದಾಣಗಳಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಯಾತ್ರಿಕರ ಗುರುತಿನ ಪುಸ್ತಕ ತೋರಿಸಿದರೆ, ಮೊದಲು ನಡೆದು ಬಂದವರಿಗೆ ಮೊದಲ ಹಾಸಿಗೆ.

ಉಳಿದೆಡೆ ಚಿತ್ರ ಬದಲಾಗಿದೆ. ಯುವಜನರಿಗೆಂದೇ 1972ರಲ್ಲಿ ಬಂದ ಇಂಟರ್‌ರೈಲ್ ಪಾಸು ಯುರೋಪಿನ ಹುಡುಗ ಹುಡುಗಿಯರನ್ನು ರೈಲು ಹತ್ತಿಸಿತು. 1973ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಹೊರತಂದ ಪುಟ್ಟ ಕೈಪಿಡಿಯಿಂದ ‘ಲೋನ್ಲಿ ಪ್ಲಾನೆಟ್’ ಹುಟ್ಟಿತು. 1999ರಲ್ಲಿ ಡಬ್ಲಿನ್‌ನಲ್ಲಿ ‘ಹಾಸ್ಟೆಲ್‌ವರ್ಲ್ಡ್’ ಶುರುವಾಗಿ, ಫೋನು ಪತ್ರಗಳಲ್ಲಿ ನಡೆಯುತ್ತಿದ್ದ ಕಾಯ್ದಿರಿಸುವಿಕೆ ಜಾಲತಾಣಕ್ಕೆ ಬಂತು. ಖಾಸಗಿ ಹಾಸ್ಟೆಲುಗಳು ಹೆಚ್ಚಿದವು, ರಾತ್ರಿ ಬಾಗಿಲು ಹಾಕುವ ನಿಯಮ ಹೋಯಿತು, ಬಾರು ಬಂತು, ಸರಪಳಿ ಕಂಪನಿಗಳು ಬಂದವು. ಹೆಸರು ಹಳೆಯದೇ ಉಳಿದರೂ ದರ ಮಾತ್ರ ವಿಮಾನದ ಟಿಕೆಟ್ಟಿನಂತೆ ದಿನಕ್ಕೊಂದು ಆಯಿತು.

ದರ ಏರುವುದು ಯಾವಾಗ?

ಹಾಸ್ಟೆಲ್ ದರದ ಏರಿಳಿತಕ್ಕೆ ಮುಖ್ಯವಾಗಿ ಮೂರು ಕಾರಣ. ಮೊದಲನೆಯದು ವಾರ. ಯುರೋಪಿನ ನಗರಗಳಲ್ಲಿ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳು ದುಬಾರಿ. ಪಕ್ಕದ ದೇಶದ ಗೆಳೆಯರ ಗುಂಪುಗಳು ಬಂದು ತುಂಬಿಕೊಳ್ಳುತ್ತವೆ. ಕೆಲವು ಹಾಸ್ಟೆಲುಗಳು ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿಯಾದರೂ ಕಾಯ್ದಿರಿಸಬೇಕೆಂದು ಹಟ ಹಿಡಿಯುತ್ತವೆ. ಹಾಗಾಗಿ ಶನಿವಾರವನ್ನು ಸಣ್ಣ ಊರಿನಲ್ಲಿ ಕಳೆದು, ದೊಡ್ಡ ನಗರಕ್ಕೆ ಭಾನುವಾರ ಸಂಜೆ ಹೋಗುವಂತೆ ದಾರಿ ಹಾಕಿಕೊಂಡರೆ ಅದೇ ನಗರ ಕಡಿಮೆ ದುಡ್ಡಿಗೆ ದಕ್ಕುತ್ತದೆ.

ಎರಡನೆಯದು ಹಬ್ಬ. ಮ್ಯೂನಿಕ್‌ಗೆ ಅಕ್ಟೋಬರ್‌ಫೆಸ್ಟ್ ಇದ್ದಂತೆ ಎಡಿನ್‌ಬರೋಗೆ ಆಗಸ್ಟ್ ತಿಂಗಳ ಫ್ರಿಂಜ್ ಉತ್ಸವ, ಜಪಾನಿಗೆ ಮಾರ್ಚ್ ಕೊನೆಯ ಚೆರ್ರಿ ಹೂವಿನ ದಿನಗಳು ಮತ್ತು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’, ಥಾಯ್ಲೆಂಡಿಗೆ ಏಪ್ರಿಲ್ ಮಧ್ಯದ ಸಾಂಗ್‌ಕ್ರಾನ್. ಊರು ಗೊತ್ತುಮಾಡುವ ಮುನ್ನ ಆ ಊರಿನ ಪಂಚಾಂಗ ನೋಡಬೇಕು. ಹಬ್ಬ ನೋಡಲೆಂದೇ ಹೋಗುವುದಾದರೆ ತಿಂಗಳುಗಟ್ಟಲೆ ಮೊದಲೇ ಹಾಸಿಗೆ ಹಿಡಿಯಬೇಕು. ನೋಡುವ ಮನಸ್ಸಿಲ್ಲದಿದ್ದರೆ ಆ ವಾರ ಆ ಊರಿನ ಕಡೆ ತಲೆ ಹಾಕದಿರುವುದೇ ಲೇಸು.

ಮೂರನೆಯದು ಕೋಣೆಯ ಗಾತ್ರ. ಹನ್ನೆರಡು ಜನರ ಡಾರ್ಮಿಟರಿಗಿಂತ ನಾಲ್ಕು ಜನರದ್ದಕ್ಕೆ ದರ ಹೆಚ್ಚು. ವಿಶೇಷವಾಗಿ ಹೇಳದಿದ್ದರೆ ಡಾರ್ಮ್ ಎಂದರೆ ಗಂಡಸರು ಹೆಂಗಸರು ಒಟ್ಟಿಗೆ ಮಲಗುವ ಕೋಣೆ ಎಂದೇ ಅರ್ಥ. ಮೊದಲ ಸಲ ಹೋಗುವವರು ಇದನ್ನು ಗಮನಿಸುವುದಿಲ್ಲ. ಮಹಿಳೆಯರಿಗೇ ಮೀಸಲಾದ ಡಾರ್ಮ್ ಅನೇಕ ಕಡೆ ಇರುತ್ತದೆ, ಆದರೆ ಬೇಗ ಭರ್ತಿಯಾಗುತ್ತದೆ, ಕೆಲವೊಮ್ಮೆ ದರವೂ ತುಸು ಹೆಚ್ಚು. ಅದು ಬೇಕೇ ಬೇಕು ಎನ್ನುವವರು ಕೊನೆಯ ಗಳಿಗೆಗೆ ಕಾಯಬಾರದು.

ಹಾಗಾದರೆ ಎಷ್ಟು ಮೊದಲು ಕಾಯ್ದಿರಿಸಬೇಕು? ಊರು ತಲುಪುವ ಮೊದಲ ಎರಡು ರಾತ್ರಿ, ವಾರಾಂತ್ಯಗಳು ಮತ್ತು ಹಬ್ಬದ ದಿನಗಳನ್ನು ಹೊರಡುವ ಮುನ್ನವೇ ಗಟ್ಟಿ ಮಾಡಿಕೊಳ್ಳಿ. ಉಳಿದ ರಾತ್ರಿಗಳಿಗೆ ಶುಲ್ಕವಿಲ್ಲದೆ ರದ್ದು ಮಾಡಬಹುದಾದ ಹಾಸಿಗೆ ಹಿಡಿದಿಟ್ಟುಕೊಳ್ಳಿ. ಒಳ್ಳೆಯ ಹಾಸ್ಟೆಲ್ ಭರ್ತಿಯಾಗಿದೆ ಎಂದು ಕಂಡರೂ ಕೈ ಚೆಲ್ಲಬೇಕಾಗಿಲ್ಲ. ಉಚಿತ ರದ್ದತಿಯ ಗಡುವು ಸಾಮಾನ್ಯವಾಗಿ ತಂಗುವ ದಿನಕ್ಕೆ ಒಂದೆರಡು ಅಥವಾ ಮೂರು ದಿನ ಮೊದಲು ಮುಗಿಯುತ್ತದೆ. ಮನಸ್ಸು ಬದಲಿಸಿದವರೆಲ್ಲ ಹಾಸಿಗೆ ಬಿಟ್ಟುಕೊಡುವುದು ಆಗಲೇ. ಆ ಹೊತ್ತಿಗೆ ಮತ್ತೊಮ್ಮೆ ಹುಡುಕಿದರೆ ಕೆಲವು ಸಲ ಸಿಗುತ್ತದೆ.

ಎಲ್ಲಿ ಹುಡುಕುವುದು?

ಹಾಸ್ಟೆಲುಗಳನ್ನೇ ಹುಡುಕಲು ಹಾಸ್ಟೆಲ್‌ವರ್ಲ್ಡ್, ಎಲ್ಲ ಬಗೆಯ ವಸತಿಗೂ ಬುಕಿಂಗ್ ಡಾಟ್ ಕಾಮ್, ಆಗ್ನೇಯ ಏಷ್ಯಾದಲ್ಲಾದರೆ ಅಗೋಡಾ ಹೆಚ್ಚು ಬಳಕೆಯಲ್ಲಿವೆ. ಇವನ್ನು ಹುಡುಕಲು ಬಳಸಿ. ಕಾಯ್ದಿರಿಸುವ ಮುನ್ನ ಮಾತ್ರ ಹಾಸ್ಟೆಲಿನ ಸ್ವಂತ ತಾಣವನ್ನೂ ತೆರೆದು ನೋಡಿ. ಮಧ್ಯವರ್ತಿ ತಾಣಗಳಿಗೆ ಪ್ರತಿ ಹಾಸಿಗೆಯ ಮೇಲೂ ಕಮಿಷನ್ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಹಾಸ್ಟೆಲಿನವರು ನೇರವಾಗಿ ಬಂದವರಿಗೆ ದರ ಇಳಿಸುವುದುಂಟು, ಬೆಳಗಿನ ತಿಂಡಿ ಸೇರಿಸುವುದುಂಟು. ಮೊದಲು ದೊಡ್ಡ ತಾಣಗಳು ‘ನಮಗಿಂತ ಕಡಿಮೆ ದರ ಬೇರೆಲ್ಲೂ ಹಾಕಬಾರದು’ ಎಂಬ ಷರತ್ತು ಹಾಕುತ್ತಿದ್ದವು. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಅಡಿಯಲ್ಲಿ 2024ರ ನವೆಂಬರ್‌ನಿಂದ ಬುಕಿಂಗ್ ಡಾಟ್ ಕಾಮ್ ಅಲ್ಲಿ ಇಂಥ ಷರತ್ತು ಹಾಕುವಂತಿಲ್ಲ. ಹೀಗಾಗಿ ಯುರೋಪಿನಲ್ಲಿ ನೇರ ದರ ನೋಡುವುದಕ್ಕೆ ಈಗ ಇನ್ನೂ ಹೆಚ್ಚಿನ ಅರ್ಥವಿದೆ.

ಶಿರ್ಮನ್ ಪರಂಪರೆಯ ಹಾಸ್ಟೆಲುಗಳನ್ನು ಮರೆಯಬೇಡಿ. ಇವು ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ ಜಾಲಕ್ಕೆ ಸೇರಿದವು. ನೆದರ್‌ಲೆಂಡ್ಸ್‌ನಲ್ಲಿ ‘ಸ್ಟೇಓಕೆ’, ಇಂಗ್ಲೆಂಡಿನಲ್ಲಿ ‘ವೈಎಚ್‌ಎ’ ಹೀಗೆ ದೇಶಕ್ಕೊಂದು ಹೆಸರು. ಮೋಜಿನ ಗದ್ದಲ ಕಡಿಮೆ, ಸ್ವಚ್ಛತೆ ಹೆಚ್ಚು, ಕುಟುಂಬದವರಿಗೆ ಬೇರೆ ಕೋಣೆಗಳೂ ಉಂಟು. ಜರ್ಮನಿಯಂಥ ದೇಶದಲ್ಲಿ ಇಲ್ಲಿ ತಂಗಲು ಸದಸ್ಯತ್ವ ಬೇಕು. ಭಾರತದಲ್ಲೇ ಸದಸ್ಯರಾದವರು ಆ ಚೀಟಿಯನ್ನು ಜೊತೆಗೆ ಒಯ್ಯಬೇಕು. ಇವುಗಳಲ್ಲಿ ಕೆಲವು ನೋಡುವುದಕ್ಕೇ ಹೋಗಬೇಕಾದಂಥವು. ಸ್ಟಾಕ್‌ಹೋಮಿನ ನೀರಿನಲ್ಲಿ ಲಂಗರು ಹಾಕಿ ನಿಂತಿರುವ ‘ಅಫ್ ಚಾಪ್‌ಮನ್’ 1888ರ ಹಾಯಿಹಡಗು. 1949ರಿಂದ ಅದು ಹಾಸ್ಟೆಲ್. ಬೇರೆಡೆಯೂ ಇಂಥ ಹಾಸ್ಟೆಲುಗಳಿವೆ: ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಹಳೆಯ ಸೇನಾ ಜೈಲೊಂದು 2003ರಲ್ಲಿ ‘ಸೆಲಿಕಾ’ ಎಂಬ ಹಾಸ್ಟೆಲ್ ಆಯಿತು. ಕಂಬಿಗಳನ್ನು ಹಾಗೆಯೇ ಉಳಿಸಿಕೊಂಡಿರುವ ಕೋಣೆಗಳಲ್ಲಿ ಈಗ ಪ್ರವಾಸಿಗರು ದುಡ್ಡು ಕೊಟ್ಟು ಮಲಗುತ್ತಾರೆ. ಜಾರ್ಜಿಯಾದ ಟಿಬಿಲಿಸಿಯಲ್ಲಿರುವ ‘ಫ್ಯಾಬ್ರಿಕಾ’ ಸೋವಿಯತ್ ಕಾಲದ ಹೊಲಿಗೆ ಕಾರ್ಖಾನೆಯಾಗಿತ್ತು.

ಅಂಕ ನೋಡಬೇಡಿ, ದೂರು ಓದಿ

ಹತ್ತಕ್ಕೆ ಒಂಬತ್ತು ಅಂಕ ಎಂದು ಕಂಡ ಕೂಡಲೇ ಸಮಾಧಾನಪಡುವುದು ಸಹಜ. ಆದರೆ ಈ ಅಂಕ ಏಳೆಂಟು ಸಂಗತಿಗಳ ಸರಾಸರಿ. ರಾತ್ರಿ ಮೂರರವರೆಗೆ ಕುಣಿಯುವವನಿಗೆ ‘ವಾತಾವರಣ’ಕ್ಕೆ ಹತ್ತು ಕೊಡುವ ಮನಸ್ಸಾದರೆ, ಬೆಳಗ್ಗೆ ಆರಕ್ಕೆ ರೈಲು ಹಿಡಿಯಬೇಕಾದವರಿಗೆ ಅದೇ ವಾತಾವರಣ ಶಾಪ. ಸ್ವಚ್ಛತೆ, ಸುರಕ್ಷತೆ, ಜಾಗ ಈ ಮೂರರ ಅಂಕಗಳನ್ನು ಬೇರೆಯಾಗಿ ನೋಡಿ. ಕಳೆದ ಎರಡು ಮೂರು ತಿಂಗಳ ಅನಿಸಿಕೆಗಳನ್ನಷ್ಟೇ ಓದಿ. ಮಾಲೀಕರು ಬದಲಾದರೆ ಹಳೆಯ ಹೊಗಳಿಕೆಗೆ ಬೆಲೆಯಿಲ್ಲ. ಮುಖ್ಯವಾಗಿ ಕಡಿಮೆ ಅಂಕ ಕೊಟ್ಟವರನ್ನು ಓದಿ. ಒಬ್ಬರ ಗೊಣಗಾಟವನ್ನು ಬಿಡಬಹುದು, ಆದರೆ ಒಂದೇ ದೂರು ನಾಲ್ಕು ಜನರ ಬಾಯಲ್ಲಿ ಬಂದರೆ ಅದು ನಿಜ. ಲಾಕರ್ ಮುರಿದಿದೆ, ಬಿಸಿನೀರು ಬರುವುದಿಲ್ಲ, ಕೆಳಗೇ ಬಾರು ಇದೆ ಎಂಬ ಮಾತುಗಳಿಗೆ ಕಿವಿ ಕೊಡಿ. ತಿಗಣೆಯ ಸುದ್ದಿ ಇತ್ತೀಚಿನದಾಗಿದ್ದರೆ ದರ ಎಷ್ಟೇ ಕಡಿಮೆಯಿದ್ದರೂ ಆ ಕಡೆ ಹೋಗಬೇಡಿ. ಚೀಲದಲ್ಲಿ ಸೇರಿಕೊಂಡ ತಿಗಣೆ ಊರೂರು ಸುತ್ತಿ ಕೊನೆಗೆ ಮನೆಗೇ ಬರುತ್ತದೆ. ತಲುಪಿದ ಮೇಲೂ ಚೀಲವನ್ನು ಹಾಸಿಗೆಯ ಮೇಲಿಡುವ ಮುನ್ನ ಹಾಸಿಗೆಯ ಹೊಲಿಗೆ, ಮೂಲೆಗಳಲ್ಲಿ ಕಪ್ಪು ಚುಕ್ಕೆಗಳಿವೆಯೇ ಎಂದು ನೋಡುವುದು ಒಳ್ಳೆಯದು.

ಸಣ್ಣ ಅಕ್ಷರಗಳಲ್ಲಿರುವ ನಿಯಮಗಳನ್ನು ಕಣ್ಣು ಬಿಟ್ಟು ಓದಬೇಕು. ಕೆಲವು ಹಾಸ್ಟೆಲುಗಳಲ್ಲಿ ವಯಸ್ಸಿನ ಮಿತಿ ಇರುತ್ತದೆ. ನಲವತ್ತು ದಾಟಿದವರನ್ನು ಡಾರ್ಮಿಗೆ ಸೇರಿಸದವರಿದ್ದಾರೆ, ಹದಿನೆಂಟು ತುಂಬದವರನ್ನು ಬಿಟ್ಟುಕೊಳ್ಳದವರು ಇನ್ನೂ ಹೆಚ್ಚು. ಸಣ್ಣ ಹಾಸ್ಟೆಲುಗಳಲ್ಲಿ ರಾತ್ರಿ ರಿಸೆಪ್ಷನ್ ಮುಚ್ಚಿರುತ್ತದೆ. ನಿಮ್ಮ ವಿಮಾನ ಮಧ್ಯರಾತ್ರಿ ಇಳಿಯುವುದಾದರೆ ಮೊದಲೇ ಬರೆದು ಕೇಳಿ, ಬಾಗಿಲಿನ ಸಂಕೇತ ಸಂಖ್ಯೆ ತರಿಸಿಕೊಂಡಿರಬೇಕು.

ಇಡೀ ದಿನದ ಲೆಕ್ಕ

ಈಗ ಅಸಲು ವಿಷಯ. ಆಮ್‌ಸ್ಟರ್‌ಡ್ಯಾಮಿನಲ್ಲಿ ಎರಡು ಹಾಸ್ಟೆಲ್ ಇವೆ ಎಂದುಕೊಳ್ಳಿ. ಇಲ್ಲಿನ ದರಗಳು ಲೆಕ್ಕ ತಿಳಿಸಲು ಊಹಿಸಿಕೊಂಡವು. ಒಂದು ಊರಾಚೆ, ಹಾಸಿಗೆಗೆ 32 ಯೂರೋ. ಇನ್ನೊಂದು ಊರ ನಡುವೆ, 40 ಯೂರೋ. ಪರದೆಯ ಮೇಲೆ ಮೊದಲನೆಯದು 8 ಯೂರೋ ಅಗ್ಗ.

ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ 2024ರಿಂದ ವಸತಿ ದರದ ಮೇಲೆ ಶೇ 12.5ರಷ್ಟು ಪ್ರವಾಸಿ ತೆರಿಗೆ ಹಾಕುತ್ತಿದೆ. ಮೊದಲ ನೋಟಕ್ಕೆ ಕಾಣುವ ದರದಲ್ಲಿ ಇದು ಎಲ್ಲ ಕಡೆ ಸೇರಿರುವುದಿಲ್ಲ. ಮೊದಲ ಹಾಸ್ಟೆಲಿಗೆ ಸುಮಾರು 4, ಎರಡನೆಯದಕ್ಕೆ ಸುಮಾರು 5 ಯೂರೋ ಸೇರಿತು. ಮೊದಲನೆಯದರಲ್ಲಿ ಹಾಸು ಮತ್ತು ಟವೆಲ್ಲಿಗೆ ಬೇರೆ ದುಡ್ಡು, 5 ಯೂರೋ. ಊರೊಳಗೆ ಬಂದು ಹೋಗಲು ಟ್ರಾಮಿನ ದಿನದ ಪಾಸು, 9. ತಿಂಡಿ ಇಲ್ಲ, ಹೊರಗೆ ತಿಂದರೆ 8. ಅಡುಗೆಮನೆ ಇಲ್ಲ, ರಾತ್ರಿ ಊಟಕ್ಕೆ 18. ಒಟ್ಟು 76 ಯೂರೋ. ಎರಡನೆಯದರಲ್ಲಿ ಹಾಸು, ತಿಂಡಿ ದರದಲ್ಲೇ ಸೇರಿವೆ, ಓಡಾಟ ನಡಿಗೆಯಲ್ಲೇ ಮುಗಿಯುತ್ತದೆ, ಅಡುಗೆಮನೆ ಇದೆ. ಸೂಪರ್ ಮಾರ್ಕೆಟ್ಟಿನಿಂದ 6 ಯೂರೋ ಸಾಮಾನು ತಂದು ಬೇಯಿಸಿಕೊಂಡರೆ ರಾತ್ರಿ ಊಟ ಮುಗಿಯಿತು. ಒಟ್ಟು 51 ಯೂರೋ. ಅಗ್ಗದ್ದೆಂದು ಕಂಡ ಹಾಸಿಗೆ ದಿನಕ್ಕೆ 25 ಯೂರೋ ದುಬಾರಿ ಬಿತ್ತು. ಒಂದು ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಹತ್ತು ದಿನಕ್ಕೆ 25,000 ರೂಪಾಯಿ.

ಸಂಖ್ಯೆಗಳು ಊರಿಂದೂರಿಗೆ ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ. ಬರ್ಲಿನ್‌ನಲ್ಲಿ ತೆರಿಗೆ 2025ರಿಂದ ಶೇ 7.5 ಆಗಿದೆ. ಇಟಲಿಯ ಹಲವು ನಗರಗಳಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಎಂದು ವಸೂಲಿ ಮಾಡುತ್ತಾರೆ, ಕೆಲವು ಕಡೆ ಅದನ್ನು ರಿಸೆಪ್ಷನ್ನಿನಲ್ಲೇ ಕಟ್ಟಬೇಕು. ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದು ಅಡುಗೆಮನೆಯಿಂದ. ಸಸ್ಯಾಹಾರಿಗಳಿಗಂತೂ ಅದು ಸೌಕರ್ಯ ಎನ್ನುವುದಕ್ಕಿಂತ ಅಗತ್ಯವೇ. ಉಪ್ಪಿಟ್ಟಿನ ಮಿಕ್ಸು, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಚೀಲದಲ್ಲಿದ್ದರೆ ವಾರದ ಅರ್ಧ ಊಟ ಆದಂತೆ. ಆದರೆ ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪದ ಡಬ್ಬಿಯನ್ನು ಬಿಟ್ಟೇ ಹೋಗಬೇಕು. ಐರೋಪ್ಯ ಒಕ್ಕೂಟದೊಳಗೆ ಹೊರದೇಶದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ತಾಜಾ ಕರಿಬೇವು, ತರಕಾರಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆ ನಿಯಮದಿಂದ ವಿನಾಯಿತಿ ಇರುವುದು ಐದೇ ಹಣ್ಣುಗಳಿಗೆ: ಬಾಳೆ, ತೆಂಗು, ಅನಾನಸ್, ಖರ್ಜೂರ ಮತ್ತು ಡುರಿಯನ್.

ಅಡುಗೆಮನೆ ಇದೆ ಎಂದಷ್ಟೇ ನೋಡಿದರೆ ಸಾಲದು. ಮೈಕ್ರೋವೇವ್ ಒಂದೇ ಇಟ್ಟು ಅಡುಗೆಮನೆ ಎಂದು ಹಾಕುವವರಿದ್ದಾರೆ. ಚಿತ್ರದಲ್ಲಿ ಒಲೆ, ಪಾತ್ರೆ ಕಾಣುತ್ತವೆಯೇ ನೋಡಿ. ಒಲೆ ಇದ್ದರೂ ಒಗ್ಗರಣೆಯ ವಿಷಯದಲ್ಲಿ ಎಚ್ಚರ ಬೇಕು. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದ ಕೂಡಲೇ ಚಾವಣಿಯ ಹೊಗೆ ಪತ್ತೆ ಯಂತ್ರ ಕೂಗಿಕೊಂಡರೆ ಇಡೀ ಕಟ್ಟಡ ಬೀದಿಗೆ ಇಳಿಯಬೇಕಾಗುತ್ತದೆ. ಸುಳ್ಳು ಎಚ್ಚರಿಕೆಗೆ ದಂಡ ಹಾಕುವ ಹಾಸ್ಟೆಲುಗಳೂ ಇವೆ. ಕೋಣೆಯೊಳಗೆ ಸ್ವಂತ ರೈಸ್ ಕುಕ್ಕರ್ ಹಚ್ಚುವುದಕ್ಕೂ ಬಹುತೇಕ ಕಡೆ ನಿಷೇಧ.

ವೀಸಾ ಮತ್ತು ಹಾಸಿಗೆ

ಯುರೋಪಿನವರಿಗೆ ಹಾಸ್ಟೆಲ್ ಬರೀ ಮಲಗುವ ಜಾಗ. ನಮಗೆ ಅದು ವೀಸಾ ಕಡತದ ಒಂದು ಹಾಳೆಯೂ ಹೌದು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 2024ರ ಜೂನ್‌ನಿಂದ 90 ಯೂರೋ ಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ಪ್ರಯಾಣ ವಿಮೆ ಬೇಕು. ಜೊತೆಗೆ ಉಳಿಯುವ ರಾತ್ರಿಗಳಿಗೆ ವಸತಿಯ ಪುರಾವೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿದಿರುವಾಗ ಹಾಕುವಂತಿಲ್ಲ.

ಯಾವ ದೇಶದ ವೀಸಾ ಕೇಂದ್ರಕ್ಕೆ ಹೋಗಬೇಕು ಎನ್ನುವುದನ್ನೂ ನಿಮ್ಮ ಹಾಸಿಗೆಗಳೇ ತೀರ್ಮಾನಿಸುತ್ತವೆ. ಪ್ರವಾಸದ ಮುಖ್ಯ ಉದ್ದೇಶ ಒಂದೇ ಆಗಿದ್ದರೆ ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸ್ಸಿನಲ್ಲಿ ನಾಲ್ಕು ರಾತ್ರಿ, ಇಟಲಿಯಲ್ಲಿ ಆರು ರಾತ್ರಿ ಎಂದು ಕಾಯ್ದಿರಿಸಿ ಫ್ರಾನ್ಸಿಗೆ ಅರ್ಜಿ ಕೊಟ್ಟರೆ ಪ್ರಶ್ನೆ ಏಳುತ್ತದೆ. ಹಾಗಾಗಿ ಮೊದಲು ರಾತ್ರಿಗಳ ಪಟ್ಟಿ, ಆಮೇಲೆ ಅರ್ಜಿ. ಈ ಹಂತದಲ್ಲಿ ಉಚಿತ ರದ್ದತಿಯಿರುವ ಹಾಸಿಗೆಗಳನ್ನೇ ಹಿಡಿಯಿರಿ. ವೀಸಾ ಬಾರದಿದ್ದರೆ ಕಟ್ಟಿದ ದುಡ್ಡು ಹೋಗಬಾರದು. ಒಂದಿಷ್ಟು ನೂರು ರೂಪಾಯಿಗೆ ‘ಡಮ್ಮಿ ಬುಕಿಂಗ್’ ಮಾಡಿಕೊಡುವ ಏಜೆಂಟರ ಸಹವಾಸ ಬೇಡ. ಪರಿಶೀಲನೆಯಲ್ಲಿ ಅದು ಸುಳ್ಳು ದಾಖಲೆ ಎಂದು ಕಂಡರೆ ಅರ್ಜಿಯೇ ತಿರಸ್ಕಾರವಾಗಬಹುದು. ವೀಸಾ ಕೈಗೆ ಬಂದ ಕೂಡಲೇ ಎಲ್ಲವನ್ನೂ ರದ್ದು ಮಾಡಿ ಬೇರೆಯೇ ದಾರಿ ಹಿಡಿಯುವುದೂ ಸರಿಯಲ್ಲ. ಗಡಿಯಲ್ಲಿ ಅಧಿಕಾರಿಗಳು ವಸತಿ ವಿವರ ಕೇಳಬಹುದು.

ನಮ್ಮ ಕಡೆಯವರಿಗೇ ವಿಶೇಷವಾದ ತೊಡಕೊಂದಿದೆ: ಹೆಸರು. ಪಾಸ್‌ಪೋರ್ಟಿನಲ್ಲಿ ಕೆಲವರಿಗೆ ಮನೆತನದ ಹೆಸರಿನ ಜಾಗ ಖಾಲಿ, ಕೆಲವರಿಗೆ ಅಲ್ಲಿ ಅಪ್ಪನ ಹೆಸರು, ಇನ್ನು ಕೆಲವರಿಗೆ ಊರಿನ ಹೆಸರು. ಬುಕಿಂಗ್ ತಾಣ ಮಾತ್ರ ಎರಡೂ ಜಾಗ ತುಂಬಲೇಬೇಕು ಎನ್ನುತ್ತದೆ. ದಿನಬಳಕೆಯ ‘ಕೆ. ಎಸ್.’ ಎಂಬ ಇನಿಷಿಯಲ್ ಹಾಕಿಬಿಟ್ಟರೆ ಕಡತದ ಹೆಸರೊಂದು, ಹಾಸ್ಟೆಲಿನ ಹೆಸರೊಂದು ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗೆ ಬಿಡಿಸಿ ಬರೆದಿದೆಯೋ ಹಾಗೆಯೇ, ವಿಮಾನದ ಟಿಕೆಟ್ಟಿನಲ್ಲಿ ಹೇಗಿದೆಯೋ ಅದೇ ರೀತಿ ಎಲ್ಲ ಕಡೆ ತುಂಬಿ. ಗೆಳೆಯರು ಒಟ್ಟಿಗೆ ಹೋಗುವಾಗ ಒಬ್ಬರ ಹೆಸರಿನಲ್ಲಿ ನಾಲ್ಕು ಹಾಸಿಗೆ ಹಿಡಿದರೆ ಉಳಿದ ಮೂವರ ಕಡತದಲ್ಲಿ ಪುರಾವೆಯೇ ಇರುವುದಿಲ್ಲ. ಪ್ರತಿಯೊಬ್ಬರ ಹೆಸರೂ ಅಚ್ಚಾಗಿರುವ ಖಾತರಿ ಪತ್ರವನ್ನು ಹಾಸ್ಟೆಲಿಗೆ ಬರೆದು ತರಿಸಿಕೊಳ್ಳಿ.

ದುಡ್ಡು ಕಟ್ಟುವಾಗ

ಕಾಯ್ದಿರಿಸಲು ಕೂತಾಗ ಕಾರ್ಡ್ ನಡೆಯದಿದ್ದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನೀವೇ ತೆರೆದುಕೊಳ್ಳಬೇಕು, ಮಿತಿಯನ್ನೂ ನೀವೇ ಹಾಕಿಕೊಳ್ಳಬಹುದು. ವಿದೇಶಿ ಕರೆನ್ಸಿಯ ಖರ್ಚಿನ ಮೇಲೆ ಬ್ಯಾಂಕುಗಳು ಹಾಕುವ ಹೆಚ್ಚುವರಿ ಶುಲ್ಕ ಕಾರ್ಡಿನಿಂದ ಕಾರ್ಡಿಗೆ ಬೇರೆ, ಮೊದಲೇ ತಿಳಿದುಕೊಳ್ಳಿ. ಹಾಸ್ಟೆಲಿನ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಯೂರೋ ಎನ್ನಿ. ರೂಪಾಯಿ ಎಂದರೆ ಪರಿವರ್ತನೆಯ ದರವನ್ನು ಯಂತ್ರದವರೇ ನಿಗದಿ ಮಾಡುತ್ತಾರೆ, ಅದು ಬಹುಮಟ್ಟಿಗೆ ನಿಮಗೆ ನಷ್ಟವೇ.

ಕೆಲವು ತಾಣಗಳಲ್ಲಿ ಕಾಯ್ದಿರಿಸುವಾಗ ಬಾಡಿಗೆಯ ಸಣ್ಣ ಭಾಗವನ್ನು ಮುಂಗಡವಾಗಿ ಕಟ್ಟಬೇಕು, ಉಳಿದದ್ದು ಹಾಸ್ಟೆಲಿನಲ್ಲಿ. ರದ್ದು ಮಾಡಿದರೆ ಆ ಮುಂಗಡ ವಾಪಸು ಬರುತ್ತದೆಯೋ ಇಲ್ಲವೋ ಎನ್ನುವುದು ಆರಿಸಿಕೊಂಡ ದರದ ಬಗೆಯ ಮೇಲೆ ನಿಂತಿದೆ. ಹಾಸ್ಟೆಲಿನ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಅಥವಾ ಇಮೇಲ್ ಬಂದು, ‘ಕಾರ್ಡ್ ಖಚಿತಪಡಿಸಿ, ಇಲ್ಲದಿದ್ದರೆ ಹನ್ನೆರಡು ಗಂಟೆಯಲ್ಲಿ ಹಾಸಿಗೆ ರದ್ದು’ ಎಂದು ಕೊಂಡಿ ಕಳಿಸುವ ವಂಚನೆ ಈಗ ಎಲ್ಲೆಡೆ ನಡೆದಿದೆ. ಆ ಕೊಂಡಿ ಒತ್ತದೆ, ನೀವು ಕಾಯ್ದಿರಿಸಿದ ಆ್ಯಪ್‌ನೊಳಗೇ ಹೋಗಿ ನೋಡಿ.

‘ದುಡ್ಡು ಬೇಡ, ದಿನಕ್ಕೆ ನಾಲ್ಕು ಗಂಟೆ ರಿಸೆಪ್ಷನ್‌ನಲ್ಲಿ ಕೂತರೆ ಹಾಸಿಗೆ ಪುಕ್ಕಟೆ’ ಎಂಬ ಆಹ್ವಾನಗಳೂ ಬರುತ್ತವೆ. ಸಂಬಳ ಕೈಗೆ ಬಾರದಿದ್ದರೂ ಹಾಸಿಗೆಗೆ ಪ್ರತಿಯಾಗಿ ದುಡಿಯುವುದನ್ನು ಅನೇಕ ದೇಶಗಳ ಕಾನೂನು ಕೆಲಸವೆಂದೇ ಪರಿಗಣಿಸುತ್ತದೆ. ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ. ಉಳಿಸಿದ ದುಡ್ಡಿಗಿಂತ ಮುಂದಿನ ವೀಸಾ ಅರ್ಜಿ ದೊಡ್ಡದು.

ಕೋಣೆಯೊಳಗಿನ ಬಾಳು

ಡಾರ್ಮಿನಲ್ಲಿ ಬಾಳಲು ಬೇಕಾದ ಸಾಮಾನು ಕಡಿಮೆ. ಒಂದು ಗಟ್ಟಿ ಬೀಗ ಬೇಕು, ಏಕೆಂದರೆ ಲಾಕರ್ ಕೊಟ್ಟರೂ ಬೀಗ ಕೊಡದ ಹಾಸ್ಟೆಲುಗಳೇ ಹೆಚ್ಚು. ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ, ಬಚ್ಚಲಿಗೆ ಹವಾಯಿ ಚಪ್ಪಲಿ, ಬೇಗ ಒಣಗುವ ತೆಳು ಟವೆಲ್. ಶೌಚಾಲಯದಲ್ಲಿ ನೀರಿನ ವ್ಯವಸ್ಥೆ ಇರದ ದೇಶಗಳಿಗೆ ಹೋಗುವಾಗ ಒಂದು ಖಾಲಿ ಬಾಟಲಿ. ಪಾಸ್‌ಪೋರ್ಟ್, ಕಾರ್ಡ್, ಫೋನು ಮಲಗಿದಾಗಲೂ ಮೈಗೆ ಹತ್ತಿರವಿರಲಿ.

ಉಳಿದದ್ದು ಸಹವಾಸದ ಮರ್ಯಾದೆ. ಬೆಳಗಿನ ಜಾವ ಹೊರಡುವವರು ರಾತ್ರಿಯೇ ಚೀಲ ಕಟ್ಟಿಟ್ಟುಕೊಳ್ಳಬೇಕು. ಐದು ಗಂಟೆಗೆ ಪ್ಲಾಸ್ಟಿಕ್ ಕವರುಗಳ ಸರಬರ ಸದ್ದು ಏಳು ಜನರ ನಿದ್ದೆ ಕೆಡಿಸುತ್ತದೆ. ಮನೆಯವರ ಜೊತೆ ವಿಡಿಯೊ ಕಾಲ್ ಮಾಡುವುದಿದ್ದರೆ ಹೊರಗಿನ ಹಜಾರದಲ್ಲಿ ಮಾಡಿ. ಭಾರತದಲ್ಲಿ ಬೆಳಗಾಗಿದ್ದರೂ ಪಕ್ಕದ ಹಾಸಿಗೆಯವರಿಗೆ ಅದು ನಡುರಾತ್ರಿ. ಫ್ರಿಜ್ಜಿನಲ್ಲಿಟ್ಟ ಆಹಾರದ ಮೇಲೆ ಹೆಸರು, ದಿನಾಂಕ ಬರೆಯುವುದು ವಾಡಿಕೆ. ಹೊರಟುಹೋಗುವವರು ಉಳಿದ ಅಕ್ಕಿ, ಪಾಸ್ತಾ, ಎಣ್ಣೆಯನ್ನು ‘ಯಾರು ಬೇಕಾದರೂ ಬಳಸಿ’ ಎಂಬ ಕಪಾಟಿನಲ್ಲಿ ಬಿಟ್ಟು ಹೋಗುತ್ತಾರೆ. ಅಂಗಡಿಗೆ ಹೋಗುವ ಮುನ್ನ ಅಲ್ಲೊಮ್ಮೆ ಇಣುಕಿ.

ಹಾಸ್ಟೆಲ್ ಬೇಡವಾದಾಗ

ಹಾಸ್ಟೆಲ್ ಎಲ್ಲ ಸಂದರ್ಭದಲ್ಲೂ ಅಗ್ಗವಲ್ಲ. ಲೆಕ್ಕ ತಲೆಗೊಂದರಂತೆ ನಡೆಯುವುದರಿಂದ ಇಬ್ಬರು ಹೋದರೆ ಎರಡು ಹಾಸಿಗೆಯ ದುಡ್ಡಿಗೆ ಸಾಧಾರಣ ಹೋಟೆಲಿನ ಕೋಣೆ ಸಿಗಬಹುದು. ಮೂವರು ನಾಲ್ವರಾದರೆ ಅಡುಗೆಮನೆಯಿರುವ ಮನೆಯೇ ಬಾಡಿಗೆಗೆ ಬರಬಹುದು. ವಿಯೆಟ್ನಾಂ, ಥಾಯ್ಲೆಂಡುಗಳಲ್ಲಿ ಮನೆಯವರೇ ನಡೆಸುವ ಗೆಸ್ಟ್‌ಹೌಸುಗಳ ದರ ಕಡಿಮೆ, ಅಲ್ಲಿ ಇಬ್ಬರು ಡಾರ್ಮಿನಲ್ಲಿ ಮಲಗಿ ಉಳಿಸುವುದು ಅಷ್ಟರಲ್ಲೇ ಇದೆ. ಜಪಾನಿನಲ್ಲಿ ಕ್ಯಾಪ್ಸೂಲ್ ಹೋಟೆಲುಗಳಿವೆ. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ವಿನ್ಯಾಸಗೊಳಿಸಿದ ಮೊದಲ ಕ್ಯಾಪ್ಸೂಲ್ ಹೋಟೆಲ್ 1979ರಲ್ಲಿ ಒಸಾಕಾದಲ್ಲಿ ತೆರೆಯಿತು. ರಾತ್ರಿ ರೈಲು ಹಿಡಿದರೆ ಪ್ರಯಾಣ ಮತ್ತು ಹಾಸಿಗೆ ಒಂದೇ ಟಿಕೆಟ್ಟಿನಲ್ಲಿ ಮುಗಿಯುತ್ತವೆ. ಒಂಟಿಯಾಗಿ ಹೋಗುವವರಿಗೆ, ಅದರಲ್ಲೂ ದುಬಾರಿ ನಗರಗಳಲ್ಲಿ, ಹಾಸ್ಟೆಲಿನ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಜೊತೆಗೆ ಮಾತಿಗೆ ಜನ ಸಿಗುತ್ತಾರೆ. ನಾಳೆ ಎಲ್ಲಿಗೆ ಹೋಗಬಾರದು ಎಂಬ ವಿಷಯದಲ್ಲಿ ನಿನ್ನೆ ಅಲ್ಲಿಗೆ ಹೋಗಿ ಬಂದವರಿಗಿಂತ ಒಳ್ಳೆಯ ಸಲಹೆಗಾರರಿಲ್ಲ.

ಆದರೂ ಅಪರಿಚಿತರ ನಡುವೆ ಮಲಗುವುದು ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗಬೇಕೆಂದೂ ಇಲ್ಲ. ಅದನ್ನು ತಿಳಿಯಲು ಯುರೋಪಿನವರೆಗೆ ಹೋಗಬೇಕಾಗಿಲ್ಲ. ಗೋಕರ್ಣ, ಹಂಪಿಯಂಥ ಕಡೆ ಈಗ ಬ್ಯಾಕ್‌ಪ್ಯಾಕರ್ ಹಾಸ್ಟೆಲುಗಳಿವೆ. ಹೊರಡುವ ಮುನ್ನ ಒಂದು ವಾರಾಂತ್ಯ, ಬೇಕೆಂದೇ ದೊಡ್ಡ ಡಾರ್ಮಿನ ಮೇಲ್ಹಾಸಿಗೆ ಹಿಡಿದು ಮಲಗಿ ನೋಡಿ. ನಿದ್ದೆ ಬಂದರೆ ಹದಿನೈದು ರಾತ್ರಿಗೂ ಧೈರ್ಯವಾಗಿ ಡಾರ್ಮನ್ನೇ ಕಾಯ್ದಿರಿಸಬಹುದು. ಬಾರದಿದ್ದರೆ ಎರಡು ರಾತ್ರಿಗೊಮ್ಮೆಯಾದರೂ ಸ್ವಂತ ಕೋಣೆ ಇರುವಂತೆ ಬಜೆಟ್ ಹಾಕಿಕೊಳ್ಳಬೇಕು, ಬೇಕಾದರೆ ಪ್ರವಾಸವನ್ನೇ ಎರಡು ದಿನ ಮೊಟಕು ಮಾಡಬೇಕು. ಈ ಉತ್ತರ ರೂಪಾಯಿಯಲ್ಲೇ ಸಿಗುವಾಗ ಅದನ್ನು ಯೂರೋ ಕೊಟ್ಟು ಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.